ವಾಷಿಂಗ್ಟನ್ನಿನ ಈಸ್ಟ್ ಬಿಲ್ಡಿಂಗ್‌ನ ಕಲ್ಲುಗಳು ವಾಲಿದ್ದೇಕೆ?

ವಾಷಿಂಗ್ಟನ್ ನಗರದ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ಗೆ ಸೇರಿದ ಈಸ್ಟ್ ಬಿಲ್ಡಿಂಗ್‌ನ ಒಂದು ಮೂಲೆಯಲ್ಲಿ ಎರಡು ಗೋಡೆಗಳು ಕೇವಲ 19.5 ಡಿಗ್ರಿ ಕೋನದಲ್ಲಿ ಬಂದು ಕೂಡುತ್ತವೆ. ದೂರಕ್ಕೆ ಅದು ಹಡಗಿನ ಮೂತಿಯಂತೆ, ಹತ್ತಿರ ಹೋದರೆ ಕತ್ತಿಯ ಅಲಗಿನಂತೆ ಕಾಣುತ್ತದೆ. ಕಲ್ಲು ಕೆಲಸದವರು ಇಂತಹ ಅಂಚು ಚಕ್ಕೆ ಎದ್ದೀತೆಂದು ಅದನ್ನು ತುಸು ಕೆತ್ತಿ ಮೊಂಡು ಮಾಡುವುದೇ ವಾಡಿಕೆ. ಇಲ್ಲಿ ಅದನ್ನು ಚೂಪಾಗಿಯೇ ಬಿಟ್ಟಿದ್ದಾರೆ. ಕಟ್ಟಡ ತೆರೆದಂದಿನಿಂದ ದಾರಿಹೋಕರು ಇದು ನಿಜವಾದ ಕಲ್ಲೇ ಹೌದೇ ಎಂದು ಪರೀಕ್ಷಿಸುವವರಂತೆ ಅಂಗೈಯಿಂದ ಸವರಿ, ಕೆಲವರು ಮೂಗನ್ನೇ ಒತ್ತಿ, ಆಳೆತ್ತರದ ಒಂದು ಭಾಗದಲ್ಲಿ ತಿಳಿಗುಲಾಬಿ ಅಮೃತಶಿಲೆ ಜಿಡ್ಡು ಹಿಡಿದು ಕಂದು ಬಣ್ಣಕ್ಕೆ ತಿರುಗಿದೆ. ಗುಡಿಯ ನಂದಿಯ ಮೂತಿ ಭಕ್ತರ ಕೈ ತಾಗಿ ತಾಗಿ ಕಪ್ಪಾಗುವುದನ್ನು ಕಂಡವರಿಗೆ ಈ ಕಲೆ ವಿಚಿತ್ರವೆನಿಸದು.

ಈ ಕಲೆಯಿಂದ ಕಟ್ಟಡಕ್ಕೆ ಹೇಳಿಕೊಳ್ಳುವಂಥ ಹಾನಿಯೇನೂ ಆಗಿಲ್ಲ. ಹಾನಿ ಆದದ್ದು ಯಾರ ಕೈಯೂ ತಾಗದ ಎತ್ತರದಲ್ಲಿ, ಯಾರ ಕಣ್ಣಿಗೂ ಬೀಳದ ಕಲ್ಲಿನ ಬೆನ್ನಿನಲ್ಲಿ. ಕಟ್ಟಡಕ್ಕೆ ಇನ್ನೂ ಮೂವತ್ತು ವರ್ಷ ತುಂಬುವ ಮೊದಲೇ, 2005ರ ಹೊತ್ತಿಗೆ, ಹೊರಗೋಡೆಯ ಅಮೃತಶಿಲೆಯ ಫಲಕಗಳಲ್ಲಿ ಕೆಲವು ತಮ್ಮ ಸ್ಥಾನ ಬಿಟ್ಟು ವಾಲುತ್ತಿರುವುದು ಗಮನಕ್ಕೆ ಬಂತು. ಮೂರು ವರ್ಷಗಳ ನಂತರ ಗ್ಯಾಲರಿಯು ಒಂದೆರಡು ಗೋಡೆಗಳ ತೇಪೆ ಕೆಲಸದಿಂದ ಇದು ಮುಗಿಯದೆಂದು ಒಪ್ಪಿಕೊಂಡು, ಎಲ್ಲ ಫಲಕಗಳನ್ನೂ ಕಳಚಿ ಮತ್ತೆ ಕೂರಿಸುವ ತೀರ್ಮಾನಕ್ಕೆ ಬಂತು. ಫಲಕಗಳ ಸಂಖ್ಯೆ ಸುಮಾರು 16,200, ತಗಲುವ ವೆಚ್ಚ ಸುಮಾರು 8.5 ಕೋಟಿ ಡಾಲರ್ ಎಂದು ಅಂದಾಜಾಯಿತು.

ಇದನ್ನು ಕಳಪೆ ಕಾಮಗಾರಿಯ ಇನ್ನೊಂದು ಕಥೆ ಎಂದು ಬದಿಗೆ ಸರಿಸುವುದು ಸುಲಭ, ಆದರೆ ಹಾಗೆ ಮಾಡಿದರೆ ವಿಷಯವೇ ಕೈತಪ್ಪುತ್ತದೆ. ಈ ಕಟ್ಟಡಕ್ಕೆ ಹಣದ ಕೊರತೆ ಇರಲಿಲ್ಲ, ವಾಸ್ತುಶಿಲ್ಪಿ ಆ ಕಾಲದ ಅಗ್ರಗಣ್ಯರಲ್ಲಿ ಒಬ್ಬರು, ಕಲ್ಲಿನ ಆಯ್ಕೆಯಲ್ಲಿ ತೋರಿದ ಶ್ರದ್ಧೆಯೂ ಅಸಾಧಾರಣ. ಹಾಗಿದ್ದೂ ಅದು ಎಡವಿದ್ದು ಹೇಗೆಂಬುದನ್ನು ನೋಡಿದರೆ, ಕಳೆದ ಐವತ್ತು ವರ್ಷಗಳಲ್ಲಿ ಕಟ್ಟಿದ ಹಲವು ಕಲಾ ಗ್ಯಾಲರಿ ವಿಸ್ತರಣೆಗಳ ರೋಗ ಎಲ್ಲಿದೆ ಎಂಬುದರ ಸುಳಿವು ಸಿಗುತ್ತದೆ.

ಮೂಲ ಗ್ಯಾಲರಿ, ಅಂದರೆ ವೆಸ್ಟ್ ಬಿಲ್ಡಿಂಗ್, 1941ರಲ್ಲಿ ತೆರೆದದ್ದು. ಉದ್ಯಮಿ ಆಂಡ್ರ್ಯೂ ಮೆಲನ್ ತಮ್ಮ ಕಲಾಸಂಗ್ರಹದ ಜೊತೆಗೆ ಅದನ್ನಿಡಲು ಕಟ್ಟಡವನ್ನೂ ದೇಶಕ್ಕೆ ಕೊಡುಗೆಯಾಗಿ ಕೊಟ್ಟಿದ್ದರು. ವಿನ್ಯಾಸ ಜಾನ್ ರಸೆಲ್ ಪೋಪ್ ಅವರದು. ಟೆನೆಸಿ ರಾಜ್ಯದ ಗುಲಾಬಿ ಅಮೃತಶಿಲೆಯ ದಪ್ಪ ದಿಮ್ಮಿಗಳಿಂದ ಮಾಡಿದ, ಗುಮ್ಮಟ ಹೊತ್ತ ಗ್ರೀಕ್–ರೋಮನ್ ಶೈಲಿಯ ಭವನ ಅದು. ಮುಂದೆ ಸಂಗ್ರಹ ಬೆಳೆದಾಗ ಮೆಲನ್ ಅವರ ಮಕ್ಕಳಾದ ಪಾಲ್ ಮೆಲನ್ ಮತ್ತು ಐಲ್ಸಾ ಮೆಲನ್ ಬ್ರೂಸ್ ಹಾಗೂ ಕುಟುಂಬದ ಪ್ರತಿಷ್ಠಾನ ವಿಸ್ತರಣೆಗೆ ಹಣ ಕೊಟ್ಟರು. ನಿವೇಶನ ಮಾತ್ರ ತೊಡಕಿನದು: ಪೆನ್ಸಿಲ್ವೇನಿಯಾ ಅವೆನ್ಯೂ ಓರೆಯಾಗಿ ಕತ್ತರಿಸಿಕೊಂಡು ಹೋಗುವುದರಿಂದ ಉಳಿದದ್ದು ಒಂದು ಬದಿ ಓರೆಯಾದ ಚತುರ್ಭುಜ. ವಿಸ್ತರಣೆಯ ವಾಸ್ತುಶಿಲ್ಪಿ ಐ.ಎಂ. ಪೇ ಅದಕ್ಕೊಂದು ಕರ್ಣರೇಖೆ ಎಳೆದು ಎರಡು ತ್ರಿಕೋನ ಮಾಡಿದರು. ದೊಡ್ಡದು ಗ್ಯಾಲರಿಗೆ, ಚಿಕ್ಕದು ಕಲಾ ಅಧ್ಯಯನ ಕೇಂದ್ರಕ್ಕೆ. ಆ ಚೂಪು ಮೂಲೆ ಹುಟ್ಟಿದ್ದು ಹೀಗೆ. 1978ರ ಜೂನ್ 1ರಂದು ಕಟ್ಟಡ ತೆರೆದಾಗ ಒಟ್ಟು ಖರ್ಚು ಸುಮಾರು 9.44 ಕೋಟಿ ಡಾಲರ್ ಆಗಿತ್ತು.

ಹೊಸದು ಹಳೆಯದರ ಒಡಹುಟ್ಟಿದಂತೆ ಕಾಣಬೇಕೆಂಬ ಆಸೆಯಿಂದ ಟೆನೆಸಿಯ ಅದೇ ಗುಲಾಬಿ ಅಮೃತಶಿಲೆಯನ್ನು ತರಿಸಲಾಯಿತು. ಬಣ್ಣ ಹೊಂದಿತು, ಕಟ್ಟುವ ರೀತಿ ಹೊಂದಲಿಲ್ಲ, ಹೊಂದುವ ಹಾಗೂ ಇರಲಿಲ್ಲ. ಪೋಪ್ ಅವರ ಗೋಡೆಯಲ್ಲಿ ಕಲ್ಲು ತನ್ನ ಭಾರವನ್ನು ಕೆಳಗಿನ ಕಲ್ಲಿಗೆ ದಾಟಿಸುತ್ತಾ ನಿಂತಿದೆ. ಪೇ ಅವರ ಗೋಡೆಯಲ್ಲಿ ಕಲ್ಲು ಎಂದರೆ ಒಳಗಿನ ಕಾಂಕ್ರೀಟು ಮತ್ತು ಇಟ್ಟಿಗೆಗೆ ತೊಡಿಸಿದ ಅಂಗಿ. ಬೆಂಗಳೂರಿನ ಕಚೇರಿ ಕಟ್ಟಡಗಳ ಮುಖದ ಮೇಲೆ ನಾವು ದಿನವೂ ಕಾಣುವ ಗ್ರಾನೈಟ್ ಕ್ಲ್ಯಾಡಿಂಗ್ ಇದೇ ಜಾತಿಯದು. ಕಲ್ಲಿನ ಕಟ್ಟಡ ಎಂದು ನಾವು ಅದನ್ನು ಕರೆಯುತ್ತೇವೆ, ವಾಸ್ತವದಲ್ಲಿ ಅದು ಕಲ್ಲು ಹೊದ್ದ ಕಟ್ಟಡ.

ಆ ಅಂಗಿಯ ಒಂದು ಗುಂಡಿಯನ್ನು ಬಿಚ್ಚಿ ನೋಡೋಣ. ಸಾಮಾನ್ಯ ಫಲಕವೊಂದರ ಅಳತೆ ಎರಡು ಅಡಿ ಎತ್ತರ, ಐದು ಅಡಿ ಉದ್ದ, ಮೂರು ಅಂಗುಲ ದಪ್ಪ. ಅಮೃತಶಿಲೆಯ ಸಾಂದ್ರತೆಯಿಂದ ಲೆಕ್ಕ ಹಾಕಿದರೆ ತೂಕ ಹತ್ತಿರ ಹತ್ತಿರ 200 ಕಿಲೋ. ಇದನ್ನು ಹಿಂದಿನ ಗೋಡೆಗೆ ಸ್ಟೇನ್‌ಲೆಸ್ ಸ್ಟೀಲಿನ ಕೊಂಡಿಗಳು ಹಿಡಿದುಕೊಂಡಿವೆ. ಒಂದು ಫಲಕಕ್ಕೂ ಪಕ್ಕದ್ದಕ್ಕೂ ನಡುವೆ ಅಂಗುಲದ ಎಂಟನೆಯ ಒಂದು ಭಾಗದ, ಅಂದರೆ ಸುಮಾರು ಮೂರು ಮಿಲಿಮೀಟರಿನ ಸಂದು. ಸಂದಿಯಲ್ಲಿ ಗಾರೆಯ ಬದಲು ಕಲ್ಲಿನ ಬಣ್ಣಕ್ಕೆ ಹೊಂದುವ ನಿಯೋಪ್ರೀನ್ ರಬ್ಬರಿನ ಪಟ್ಟಿ. ದೊಡ್ಡ ಗೋಡೆಗಳಲ್ಲಿ ಅಲ್ಲಲ್ಲಿ ಎದ್ದು ಕಾಣುವ ಅಗಲವಾದ ಎಕ್ಸ್‌ಪಾನ್ಷನ್ ಜಾಯಿಂಟ್‌ಗಳು ಇಲ್ಲಿ ಬೇಡವೆಂದು ಪೇ ಅವರ ತಂಡ ಬಯಸಿತ್ತು. ಗೋಡೆ ಒಂದೇ ಬಂಡೆಯಿಂದ ಸೀಳಿದ ಮುಖದಂತೆ ಅಖಂಡವಾಗಿ ಕಾಣಬೇಕಿತ್ತು. ಹಾಗಾಗಿ ಹಿಗ್ಗುವ ಕುಗ್ಗುವ ಕೆಲಸವನ್ನೆಲ್ಲ ಸಾವಿರಾರು ತೆಳು ಸಂದುಗಳಿಗೆ ಹಂಚಲಾಯಿತು.

ಕಾಗದದ ಮೇಲೆ ಈ ಲೆಕ್ಕ ಸರಿಯಾಗಿಯೇ ಇದೆ. ಚಳಿಗಾಲದ ರಾತ್ರಿಗೂ ಬೇಸಿಗೆಯ ಬಿಸಿಲಿಗೂ ನಡುವೆ ಕಲ್ಲಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಳಿಯಬಹುದೆಂದು ಇಟ್ಟುಕೊಂಡರೆ, ಐದಡಿಯ ಒಂದು ಫಲಕ ಹಿಗ್ಗುವುದು ಮುಕ್ಕಾಲು ಮಿಲಿಮೀಟರಿಗಿಂತ ಹೆಚ್ಚಲ್ಲ. ಮೂರು ಮಿಲಿಮೀಟರಿನ ಸಂದು ಅದನ್ನು ಆರಾಮವಾಗಿ ನುಂಗಬೇಕು. ಆದರೆ ಪ್ರತಿ ಸಂದೂ, ಪ್ರತಿ ವರ್ಷವೂ ತನ್ನ ಪಾಲಿನ ಕೆಲಸ ಮಾಡಿದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ರಬ್ಬರು ವಯಸ್ಸಾದಂತೆ ಗಟ್ಟಿಯಾಗುತ್ತದೆ, ಸಂದಿಯಲ್ಲಿ ಕಸರು ಸೇರಿಕೊಳ್ಳುತ್ತದೆ, ಎಲ್ಲೋ ಒಂದು ಕೊಂಡಿ ಸ್ವಲ್ಪ ಬಗ್ಗಿ ಮೇಲಿನ ಫಲಕ ಕೆಳಗಿನದರ ಮೇಲೆ ಕುಳಿತುಬಿಡುತ್ತದೆ. ಹಾಗಾದ ಕಡೆ ಬಿಡಿ ಬಿಡಿಯಾಗಿದ್ದ ಫಲಕಗಳು ಒಟ್ಟಾಗಿ ಒಂದೇ ಉದ್ದನೆಯ ಕಲ್ಲಿನಂತೆ ವರ್ತಿಸತೊಡಗುತ್ತವೆ. ಮೂವತ್ತು ಮೀಟರ್ ಉದ್ದದ ಸಾಲಿನಲ್ಲಿ ಆಗ ಹಿಗ್ಗುವಿಕೆ ಹದಿನಾಲ್ಕು ಮಿಲಿಮೀಟರಿನಷ್ಟಾಗುತ್ತದೆ. ಇದಕ್ಕೆ ಇನ್ನೊಂದು ತೊಡಕೂ ಸೇರುತ್ತದೆ. ಗ್ಯಾಲರಿಯ ಒಳಗೆ ಉಷ್ಣತೆಯನ್ನು ವರ್ಷವಿಡೀ ಒಂದೇ ಮಟ್ಟದಲ್ಲಿ ಹಿಡಿದಿಡುವುದರಿಂದ ಹಿಂದಿನ ಕಾಂಕ್ರೀಟು ಹೆಚ್ಚು ಅಲುಗುವುದಿಲ್ಲ, ಮುಂದಿನ ಕಲ್ಲು ಮಾತ್ರ ದಿನವೂ ಹಿಗ್ಗಿ ಕುಗ್ಗುತ್ತಿರುತ್ತದೆ. ಎಡಬಲಕ್ಕೆ ಜಾಗವಿಲ್ಲದ, ಹಿಂದಕ್ಕೆ ಸರಿಯಲಾಗದ ಕಲ್ಲಿಗೆ ಉಳಿಯುವ ದಾರಿ ಒಂದೇ: ಮುಂದಕ್ಕೆ, ಅಂದರೆ ಕೆಳಗೆ ನಡೆದಾಡುವವರ ನೆತ್ತಿಯ ಕಡೆಗೆ.

ದೋಷ ಕಲ್ಲಿನದೋ ಕಲ್ಲನ್ನು ಹಿಡಿದದ್ದರದೋ ಎಂಬ ಪ್ರಶ್ನೆ ಇಲ್ಲಿ ಮುಖ್ಯ. ಅಮೃತಶಿಲೆಗೆ ತನ್ನದೇ ಆದ ಒಂದು ಕಾಯಿಲೆ ಇರುವುದು ನಿಜ. ಅದರ ಕ್ಯಾಲ್ಸೈಟ್ ಹರಳುಗಳು ಬಿಸಿಯಾದಾಗ ಒಂದು ದಿಕ್ಕಿಗೆ ಹಿಗ್ಗಿ, ಅದಕ್ಕೆ ಅಡ್ಡವಾದ ದಿಕ್ಕಿಗೆ ಕುಗ್ಗುತ್ತವೆ. ಬಿಸಿಲು–ಚಳಿಯ ಸಾವಿರಾರು ಸುತ್ತುಗಳ ನಂತರ ಹರಳುಗಳ ನಡುವಿನ ಹಿಡಿತ ಸಡಿಲಗೊಂಡು ತೆಳುವಾದ ಹಲಗೆಗಳು ಹಪ್ಪಳದಂತೆ ಡೊಂಕಾಗುತ್ತವೆ. ಷಿಕಾಗೋ ನಗರದಲ್ಲಿ 1973ರಲ್ಲಿ ಮುಗಿದ, ಈಗ ಏಯಾನ್ ಸೆಂಟರ್ ಎನ್ನುವ ಗಗನಚುಂಬಿಗೆ ಇಟಲಿಯ ಕರಾರಾ ಅಮೃತಶಿಲೆಯ ತೆಳು ಹಲಗೆಗಳನ್ನು ಹೊದಿಸಿದ್ದರು. ಅವು ಡೊಂಕಾಗಿ, ಬಿರುಕು ಬಿಟ್ಟು, 1990ರ ದಶಕದ ಆರಂಭದಲ್ಲಿ ಇಡೀ ಗೋಪುರಕ್ಕೆ ಗ್ರಾನೈಟ್ ಹೊದಿಸಬೇಕಾಯಿತು. ಹೆಲ್ಸಿಂಕಿಯ ಫಿನ್‌ಲ್ಯಾಂಡಿಯಾ ಹಾಲ್‌ಗೂ ಇದೇ ಗತಿ; ಅಲ್ಲಿ ಡೊಂಕಾದ ಕರಾರಾ ಕಲ್ಲನ್ನು ತೆಗೆದು ಮತ್ತೆ ಕರಾರಾ ಕಲ್ಲನ್ನೇ ಹಾಕಿದರು, ಅದೂ ಡೊಂಕಾಯಿತು. ವಾಷಿಂಗ್ಟನ್ನಿನ ಪ್ರಕರಣ ಈ ಸಾಲಿನದಲ್ಲ. ಅಲ್ಲಿ ಕಳಚಿದ ಅದೇ ಕಲ್ಲನ್ನು ಮತ್ತೆ ಬಳಸಿದರು, ಬದಲಾದದ್ದು ಅದನ್ನು ಹಿಡಿಯುವ ವ್ಯವಸ್ಥೆ. ಅಂದರೆ ಕೋಟ್ಯಂತರ ವರ್ಷಗಳ ಹಿಂದೆ ರೂಪುಗೊಂಡ ಕಲ್ಲಿನ ಆಯುಸ್ಸು ಮುಗಿದಿರಲಿಲ್ಲ, ಅದರ ಬೆನ್ನಿಗಿದ್ದ ಕೊಂಡಿ ಮತ್ತು ರಬ್ಬರಿನ ಆಯುಸ್ಸು ಮುಗಿದಿತ್ತು. ಆಧುನಿಕ ಕಟ್ಟಡದ ಬಾಳಿಕೆಯನ್ನು ಅದರ ಅತ್ಯಂತ ಗಟ್ಟಿ ವಸ್ತುವಿನಿಂದ ಅಳೆಯುವುದು ನಮಗೆ ರೂಢಿಯಾಗಿದೆ. ಅಳೆಯಬೇಕಾದದ್ದು ಅತ್ಯಂತ ಅಲ್ಪಾಯುಷಿಯಾದ ವಸ್ತುವಿನಿಂದ.

ಇದರಲ್ಲೊಂದು ವಿಪರ್ಯಾಸವಿದೆ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಕಾಲದ ಪರೀಕ್ಷೆಯಲ್ಲಿ ಗೆದ್ದ ಕಟ್ಟಡಗಳಿಗೆ ಕೊಡುವ ಇಪ್ಪತ್ತೈದು ವರ್ಷದ ಪ್ರಶಸ್ತಿಯನ್ನು 2004ರಲ್ಲಿ ಈಸ್ಟ್ ಬಿಲ್ಡಿಂಗ್‌ಗೆ ನೀಡಿತು. ಫಲಕಗಳು ವಾಲಿರುವುದು ಗಮನಕ್ಕೆ ಬಂದದ್ದು ಅದರ ಮರುವರ್ಷ. (ಪೇ ಅವರದೇ ಸಂಸ್ಥೆ ಕಟ್ಟಿದ ಬಾಸ್ಟನ್ನಿನ ಹ್ಯಾನ್‌ಕಾಕ್ ಟವರ್‌ನ ಗಾಜುಗಳು 1973ರಲ್ಲಿ ಉದುರತೊಡಗಿ ಹತ್ತು ಸಾವಿರಕ್ಕೂ ಹೆಚ್ಚು ಗಾಜುಗಳನ್ನು ಬದಲಿಸಬೇಕಾಗಿತ್ತು, 2011ರಲ್ಲಿ ಅದಕ್ಕೂ ಇದೇ ಪ್ರಶಸ್ತಿ ಬಂತು.) ಪ್ರಶಸ್ತಿ ಸಮಿತಿಗಳು ಕಟ್ಟಡದ ರೂಪ ಹಳತಾಗಿಲ್ಲವೇ ಎಂದು ಕೇಳುತ್ತವೆಯೇ ಹೊರತು ಅದರ ಸಂದುಗಳು ಹಳತಾಗಿವೆಯೇ ಎಂದು ಕೇಳುವುದಿಲ್ಲ. ಇಪ್ಪತ್ತೈದು–ಮೂವತ್ತು ವರ್ಷವೆಂದರೆ ಸಂದು ಮುಚ್ಚುವ ಸೀಲೆಂಟು, ಗ್ಯಾಸ್ಕೆಟ್ಟು ಎನ್ನುವ ರಬ್ಬರಿನ ಪಟ್ಟಿ, ಎರಡು ಪದರದ ಗಾಜಿನ ಅಂಚಿನ ಅಂಟು ಇವೆಲ್ಲ ಒಟ್ಟಿಗೆ ಕೈಕೊಡುವ ವಯಸ್ಸೂ ಹೌದು.

ಗಾಜಿನ ಮಾತು ಬಂದಾಗ ಒಳಗೆ ಹೋಗಬೇಕು. ಈಸ್ಟ್ ಬಿಲ್ಡಿಂಗ್‌ನ ಹೃದಯವೆಂದರೆ ಅದರ ತ್ರಿಕೋನಾಕಾರದ ಏಟ್ರಿಯಂ, ಅಂದರೆ ನಡುವಿನ ಅಂಗಳ; ಅದರ ಮೇಲೆ ಸುಮಾರು 16,000 ಚದರ ಅಡಿಯ ಗಾಜಿನ ಛಾವಣಿ. ಅಲೆಕ್ಸಾಂಡರ್ ಕಾಲ್ಡರ್ ಅವರ 76 ಅಡಿ ಅಗಲದ, ಮೇಲಿನಿಂದ ತೂಗುಬಿಟ್ಟ ‘ಮೊಬೈಲ್’ ಶಿಲ್ಪ ಅಲ್ಲಿ ಗಾಳಿಯಲ್ಲಿ ನಿಧಾನವಾಗಿ ತಿರುಗುತ್ತಿರುತ್ತದೆ. ಚೆಲುವಿನ ವಿಷಯದಲ್ಲಿ ಈ ಅಂಗಳಕ್ಕೆ ಸಾಟಿಯಿಲ್ಲ. ನಿರ್ವಹಣೆಯ ದೃಷ್ಟಿಯಿಂದ ಮಾತ್ರ ಇದು ಅತ್ಯಂತ ಕಷ್ಟದ ಜಾಗ. ಚಿತ್ರಗಳ ಹಿತಕ್ಕಾಗಿ ಗ್ಯಾಲರಿಗಳು ಸಾಮಾನ್ಯವಾಗಿ 21 ಡಿಗ್ರಿ ಉಷ್ಣತೆ, ಶೇ 50ರ ಆಸುಪಾಸಿನ ತೇವಾಂಶ ಕಾಯ್ದುಕೊಳ್ಳುತ್ತವೆ. ಅಂತಹ ಗಾಳಿ 10 ಡಿಗ್ರಿಗಿಂತ ತಣ್ಣಗಿನ ಯಾವುದೇ ಮೇಲ್ಮೈಗೆ ತಾಗಿದರೂ ಅಲ್ಲಿ ಬೆವರು ಹನಿಗಟ್ಟುತ್ತದೆ. ಹೊರಗೆ ಹಿಮ ಬೀಳುವ ರಾತ್ರಿಯಲ್ಲಿ ಗಾಜೂ ಅದನ್ನು ಹಿಡಿದ ಲೋಹದ ಚೌಕಟ್ಟೂ ಆ ಮಟ್ಟಕ್ಕಿಂತ ಕೆಳಗಿಳಿಯುವುದು ಸುಲಭ. ಮಳೆ ಬಾರದಿದ್ದರೂ ಛಾವಣಿ ಸೋರಿದಂತೆ ಕಾಣುವುದಕ್ಕೆ ಇದು ಕಾರಣ. ಅದೇ ತೇವ ಗೋಡೆಯ ಒಳಗೆ ನುಸುಳಿ ಕಲ್ಲಿನ ಬೆನ್ನಿನಲ್ಲಿ ನೀರಾದರೆ ಯಾರಿಗೂ ತಿಳಿಯುವುದೇ ಇಲ್ಲ. ಕಚೇರಿಯೊಂದಕ್ಕೆ ಹೊಂದುವ ಗಾಜು ಗ್ಯಾಲರಿಗೆ ಹೊಂದದಿರುವುದು ಇದರಿಂದಲೇ: ಕಚೇರಿ ಚಳಿಗಾಲದಲ್ಲಿ ಒಣಗಿರಬಹುದು, ಗ್ಯಾಲರಿ ಒಣಗುವಂತಿಲ್ಲ. ಈಸ್ಟ್ ಬಿಲ್ಡಿಂಗ್‌ನ ಈ ಗಾಜಿನ ಛಾವಣಿಯನ್ನು ಬದಲಿಸುವುದಕ್ಕಾಗಿ 2022ರಲ್ಲಿ ಕಟ್ಟಡವನ್ನು ಕೆಲವು ತಿಂಗಳು ಮುಚ್ಚಬೇಕಾಯಿತು.

ಏಟ್ರಿಯಂ ಬಗ್ಗೆ ಮೊದಲಿನಿಂದಲೂ ಕೇಳಿಬರುತ್ತಿದ್ದ ಇನ್ನೊಂದು ದೂರು ವಿನ್ಯಾಸದ್ದು. ನಡುವಿನ ಅಂಗಳ ಅಷ್ಟು ದೊಡ್ಡದಾದ ಮೇಲೆ ಚಿತ್ರಗಳಿಗೆ ಉಳಿದದ್ದು ಮೂಲೆಗಳ ಗೋಪುರಗಳಲ್ಲಿನ ಸಣ್ಣ ಕೋಣೆಗಳು. ಮನೆಯ ತೊಟ್ಟಿಯೇ ಮನೆಯ ಬಹುಪಾಲನ್ನು ನುಂಗಿದ ಹಾಗೆ. ಈ ದೂರಿಗೆ ಗ್ಯಾಲರಿ ಕೊಟ್ಟ ಉತ್ತರ ಸಮಾಧಾನ ತರುವಂಥದ್ದು. ಹಳೆಯ ಯಂತ್ರ ವ್ಯವಸ್ಥೆಗಳನ್ನು ಹೇಗೂ ಬದಲಿಸಲೇಬೇಕಿದ್ದ ಸಂದರ್ಭವನ್ನೇ ಬಳಸಿಕೊಂಡು, ಕಟ್ಟಡದ ಹೊರರೂಪವನ್ನು ಹೆಚ್ಚು ಮುಟ್ಟದೆ ಒಳಗಿನ ಖಾಲಿ ಎತ್ತರದಿಂದ 12,250 ಚದರ ಅಡಿ ಹೊಸ ಪ್ರದರ್ಶನ ಸ್ಥಳವನ್ನು ಹೊರತೆಗೆದರು. 2016ರ ಸೆಪ್ಟೆಂಬರ್ 30ರಂದು ಮತ್ತೆ ತೆರೆದಾಗ ಒಂದು ಗೋಪುರದಲ್ಲಿ ಚಿತ್ರಕಾರ ರೋಥ್ಕೋ ಅವರ ಕೃತಿಗಳು, ಇನ್ನೊಂದರಲ್ಲಿ ಕಾಲ್ಡರ್ ಅವರವು, ನಡುವಿನ ತಾರಸಿಯ ಮೇಲೆ ಕಟರೀನಾ ಫ್ರಿಟ್ಶ್ ಅವರ ದೈತ್ಯ ನೀಲಿ ಹುಂಜ. ಪೇ ಅವರೊಡನೆ ದಶಕಗಳ ಕಾಲ ದುಡಿದಿದ್ದ ಪೆರಿ ಚಿನ್ ಈ ಮಾರ್ಪಾಟಿನ ವಿನ್ಯಾಸದಲ್ಲಿದ್ದುದರಿಂದ ಹೊಸ ಕೋಣೆಗಳು ಹೊರಗಿನವರ ಕೈಯವು ಎನಿಸುವುದಿಲ್ಲ.

ಇಷ್ಟೆಲ್ಲದಕ್ಕೆ ಹಣ ಎಲ್ಲಿಂದ ಬಂತು ಎಂಬುದು ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು. ಕಟ್ಟಿದ್ದು ಮೆಲನ್ ಕುಟುಂಬದ ಹಣ. ಹೊಸ ಗ್ಯಾಲರಿಗಳಿಗೆ ಖಾಸಗಿ ದಾನಿಗಳು 3 ಕೋಟಿ ಡಾಲರ್ ಕೊಟ್ಟರು. ಆದರೆ ವಾಲಿದ ಕಲ್ಲನ್ನು ಕಳಚಿ, ಕೊಂಡಿ ಬದಲಿಸಿ, ಅದೇ ಕಲ್ಲನ್ನು ಅದೇ ಗೋಡೆಗೆ ಏರಿಸುವ ಕೆಲಸ ಮುಗಿದ ಮೇಲೆ ನೋಡಿದವರಿಗೆ ಯಾವ ವ್ಯತ್ಯಾಸವೂ ಕಾಣದು. ಅದಕ್ಕೆ ಬಂದದ್ದು ಸರ್ಕಾರದ, ಅಂದರೆ ತೆರಿಗೆದಾರರ ಹಣ. ಇದು ಆಕಸ್ಮಿಕವೇನಲ್ಲ. 1937ರಲ್ಲಿ ಆಂಡ್ರ್ಯೂ ಮೆಲನ್ ಅವರ ಕೊಡುಗೆಯನ್ನು ಸ್ವೀಕರಿಸುವಾಗಲೇ ಅಮೆರಿಕದ ಸಂಸತ್ತು ಗ್ಯಾಲರಿಯ ನಿರ್ವಹಣೆಗೆ ಬೇಕಾದ ಹಣವನ್ನು ದೇಶವೇ ಒದಗಿಸುವುದೆಂದು ಕಾನೂನಿನಲ್ಲಿ ವಚನ ಕೊಟ್ಟಿತ್ತು. ಕಟ್ಟಿಕೊಡುವವನೂ ಕಾಪಾಡಿಕೊಳ್ಳುವವನೂ ಬೇರೆ ಬೇರೆ ಎಂಬುದನ್ನು ಮೊದಲ ದಿನವೇ ಬರೆದಿಟ್ಟ ಸಂಸ್ಥೆ ಅದು. ಆ ವಚನ ಇಲ್ಲದಿದ್ದರೆ ಇಷ್ಟು ದೊಡ್ಡ ಮೊತ್ತಕ್ಕೆ ಯಾರ ಬಾಗಿಲು ತಟ್ಟಬೇಕಿತ್ತೋ ಊಹಿಸಿ ನೋಡಿ. ಒಂದು ಕೋಣೆಗೆ ತನ್ನ ಹೆಸರಿಡಲು ಕೋಟಿ ಕೊಡುವ ದಾನಿ ಒಂದು ಗ್ಯಾಸ್ಕೆಟ್ಟಿಗೆ ತನ್ನ ಹೆಸರು ಬೇಕೆಂದು ಬರುವುದಿಲ್ಲ.

ಮೊತ್ತದ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಕಟ್ಟಲು 9.44 ಕೋಟಿ, ಹೊದಿಕೆ ಸರಿಪಡಿಸಲು 8.5 ಕೋಟಿ ಎಂದು ಪಕ್ಕಪಕ್ಕದಲ್ಲಿ ಬರೆದರೆ ಮತ್ತೊಂದು ಕಟ್ಟಡವನ್ನೇ ಕಟ್ಟಿದಷ್ಟಾಯಿತು ಎನ್ನುವಂತೆ ತೋರುತ್ತದೆ. 1978ರಿಂದ 2009ರ ನಡುವೆ ಅಮೆರಿಕದಲ್ಲಿ ಬೆಲೆಗಳು ಮೂರು ಪಟ್ಟಿಗೂ ಹೆಚ್ಚಾಗಿದ್ದವು. ಅದನ್ನು ಗಣಿಸಿದರೆ ದುರಸ್ತಿಯ ವೆಚ್ಚ ನಿರ್ಮಾಣದ ವೆಚ್ಚದ ಕಾಲುಭಾಗಕ್ಕಿಂತ ತುಸು ಹೆಚ್ಚು. ಬರೀ ಹೊರ ಹೊದಿಕೆಗೆ, ಅದೂ ಕಲ್ಲನ್ನು ಹೊಸದಾಗಿ ಕೊಳ್ಳದೆ, ಕಾಲುಭಾಗ ಎಂಬುದು ಸಣ್ಣ ಮಾತಲ್ಲ.

ಇದೇ ರೋಗದ ಬೇರೆ ಲಕ್ಷಣಗಳು ಬೇರೆಡೆ ಇವೆ. ಡ್ಯಾನಿಯಲ್ ಲಿಬೆಸ್ಕಿಂಡ್ ವಿನ್ಯಾಸದ ಎರಡು ವಿಸ್ತರಣೆಗಳಲ್ಲಿ, ಅಂದರೆ 2006ರ ಡೆನ್ವರ್ ಆರ್ಟ್ ಮ್ಯೂಸಿಯಂ ಮತ್ತು 2007ರ ಟೊರಾಂಟೋದ ರಾಯಲ್ ಒಂಟಾರಿಯೋ ಮ್ಯೂಸಿಯಂಗಳಲ್ಲಿ, ಗೋಡೆ ಎಲ್ಲಿ ಮುಗಿದು ಮಾಡು ಎಲ್ಲಿ ಶುರುವಾಗುತ್ತದೆಂದು ಹೇಳುವುದೇ ಕಷ್ಟ. ಎರಡೂ ಹಿಮ ಬೀಳುವ ಊರುಗಳು, ಎರಡೂ ತೆರೆದ ಸ್ವಲ್ಪ ಕಾಲದಲ್ಲೇ ಸೋರಿದವು. ಓರೆ ಗೋಡೆಗೆ ಚಿತ್ರ ತೂಗುಹಾಕುವುದು ಹೇಗೆಂಬ ಪ್ರಶ್ನೆ ಬೇರೆ. ಇಳಿಜಾರು, ಚಜ್ಜ, ನೀರು ಜಾರುವ ಅಂಚು ಇವೆಲ್ಲ ಹುಟ್ಟಿದ್ದು ಅಲಂಕಾರಕ್ಕೆ ಅಲ್ಲವೆಂದು ಮಲೆನಾಡಿನ ಹೆಂಚಿನ ಮನೆ ಕಟ್ಟುವ ಮೇಸ್ತ್ರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸೇನ್ಸ್‌ಬರಿ ವಿಂಗ್‌ನ ತೊಂದರೆ ಇವಕ್ಕಿಂತ ಬೇರೆಯದು. ಅಲ್ಲಿ ಕೈಕೊಟ್ಟದ್ದು ಬಳಕೆಯ ಅಂದಾಜು. ರಾಬರ್ಟ್ ವೆಂಟೂರಿ ಮತ್ತು ಡೆನಿಸ್ ಸ್ಕಾಟ್ ಬ್ರೌನ್ ವಿನ್ಯಾಸದ ಈ ವಿಸ್ತರಣೆ 1991ರಲ್ಲಿ ತೆರೆಯಿತು. ಮೇಲಿನ ಬೆಳಕಿನ ಕೋಣೆಗಳಿಗೆ ಏರುವ ಅನುಭವ ಹೆಚ್ಚಲೆಂದು ಕೆಳಗಿನ ಪಡಸಾಲೆಯನ್ನು ಬೇಕೆಂದೇ ತಗ್ಗಾಗಿ, ಮಬ್ಬಾಗಿ, ದಪ್ಪ ಕಂಬಗಳಿಂದ ತುಂಬಿ ಮಾಡಿದ್ದರು. ಮುಂದೆ ಅದೇ ಇಡೀ ಗ್ಯಾಲರಿಯ ಮುಖ್ಯ ಪ್ರವೇಶವಾದಾಗ, ಜನಜಂಗುಳಿ ಮತ್ತು ಭದ್ರತಾ ತಪಾಸಣೆಯ ನಡುವೆ ಆ ಮಬ್ಬು ಕಿರಿಕಿರಿಯಾಯಿತು. ಅನಬೆಲ್ ಸೆಲ್‌ಡಾರ್ಫ್ ಅವರ ಮಾರ್ಪಾಟಿನಲ್ಲಿ ಪಡಸಾಲೆ ತೆರೆದುಕೊಂಡಿತು, ಕಪ್ಪು ಛಾಯೆಯ ಗಾಜಿನ ಜಾಗಕ್ಕೆ ತಿಳಿಗಾಜು ಬಂತು; 2025ರ ಮೇ 10ರಂದು ಅದು ಸಾರ್ವಜನಿಕರಿಗೆ ಮತ್ತೆ ತೆರೆಯಿತು. ಸ್ಕಾಟ್ ಬ್ರೌನ್ ಈ ಬದಲಾವಣೆಗಳನ್ನು ಬಹಿರಂಗವಾಗಿ ವಿರೋಧಿಸಿದರು, ಅವರ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಬಳಕೆ ಬದಲಾದ ಮೇಲೂ ಮೂಲ ರೂಪವನ್ನೇ ಹಿಡಿದು ಕೂರುವುದು ಗ್ಯಾಲರಿಗೆ ಸಾಧ್ಯವಿರಲಿಲ್ಲ ಎಂದೇ ನನಗೆ ತೋರುತ್ತದೆ.

ಆ ಕೆಲಸದಲ್ಲಿ, 2023ರಲ್ಲಿ, ಪಡಸಾಲೆಯ ಎರಡು ಪೊಳ್ಳು ಕಂಬಗಳನ್ನು ಒಡೆದರು. ಕಟ್ಟಡದ ಯಾವ ಭಾರವನ್ನೂ ಹೊರದೆ ಬರೀ ನೋಟಕ್ಕೆಂದು ನಿಲ್ಲಿಸಿದ್ದ ಕಂಬಗಳು ಅವು. ಒಂದರೊಳಗೆ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟ ಒಂದು ಪತ್ರ ಸಿಕ್ಕಿತು. ಕಟ್ಟಡಕ್ಕೆ ಹಣ ಕೊಟ್ಟ ದಾನಿಗಳಲ್ಲಿ ಒಬ್ಬರಾದ ಜಾನ್ ಸೇನ್ಸ್‌ಬರಿ 1990ರ ಜುಲೈ 26ರಂದು ತಮ್ಮ ಸೂಪರ್‌ಮಾರ್ಕೆಟ್ ಕಂಪನಿಯ ಕಾಗದದ ಮೇಲೆ ಟೈಪು ಮಾಡಿಸಿ, ಕಾಮಗಾರಿ ನಡೆಯುತ್ತಿದ್ದಾಗಲೇ ಅದನ್ನು ಕಂಬದೊಳಗೆ ಇಡಿಸಿದ್ದರು. ಈ ಪೊಳ್ಳು ಕಂಬಗಳು ವಾಸ್ತುಶಿಲ್ಪಿಯ ತಪ್ಪು, ಮುಂದೆ ನಾವು ಇದಕ್ಕೆ ಪರಿತಪಿಸುತ್ತೇವೆ, ಇವನ್ನು ತೆಗೆಯಲು ನೀವು ತೀರ್ಮಾನಿಸಿದ್ದು ನನಗೆ ಬಹಳ ಸಂತೋಷ ಎಂಬುದು ಅದರ ಸಾರಾಂಶ. ಪತ್ರ ಹೊರಬರುವ ಹೊತ್ತಿಗೆ ಅವರು ತೀರಿಕೊಂಡು ಒಂದು ವರ್ಷವಾಗಿತ್ತು. ಅದೀಗ ಗ್ಯಾಲರಿಯ ದಾಖಲೆ ಸಂಗ್ರಹದಲ್ಲಿದೆ.